ಹೊಂಬಾಳಮ್ಮನ ತಮ್ಮ

ಬೈಕಿನ ಹಿಂದೆ ಕೂತಿದ್ದವಳು ಮಾನಸಾಳೇ. ಬಸ್ಸಿನ ಕಿಟಕಿಗೆ ಮೂಗು ಒತ್ತಿದ ಅನಂತರಾಜುವಿಗೆ ಮಗಳ ಹಸಿರು ದುಪಟ್ಟಾ ಗುರುತು ಸಿಕ್ಕಿತು. ಓಡಿಸುತ್ತಿದ್ದವನ ಮುಖ ಮಾತ್ರ ಹೆಲ್ಮೆಟ್ಟಿನೊಳಗೆ ಭದ್ರವಾಗಿತ್ತು. ಕುಣಿಗಲ್ಲಿನ ಬ್ಯಾಂಕಿಗೆ ಕೆಲಸಕ್ಕೆ ಹೋಗುತ್ತೇನೆಂದು ಹೊರಟ ಮಗಳು ಕೆರೆ ಏರಿಯ ಮೇಲೆ ಯಾವನದೋ ಬೆನ್ನಿಗೆ ಅಂಟಿಕೊಂಡು ಮರೆಯಾದಳು.

ಕೂಗಾಡುವ ಜಾಯಮಾನ ಅನಂತರಾಜು ಅವರದಲ್ಲ. ಇಪ್ಪತ್ತೊಂಬತ್ತು ವರ್ಷ ಕಚೇರಿಯಲ್ಲಿ ಫೈಲು ತಳ್ಳಿದವರು. ಏನೇ ಇದ್ದರೂ ಬರೆದು ತಿಳಿಸಿಯೇ ರೂಢಿ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಮನೆಯ ಮಹಡಿ ಕೋಣೆಯಲ್ಲಿ ಕೂತು ಕಿರಿಯರಿಗಾಗಿ ಒಂದು ಐತಿಹಾಸಿಕ ಕಾದಂಬರಿ ಶುರುಮಾಡಿದರು. ಕಿರಿಯರು ಎಂದರೆ ಮಾನಸಾ ಒಬ್ಬಳೇ.

ಕಥಾನಾಯಕಿ ಹೊಂಬಾಳಮ್ಮ, ಮುನ್ನೂರು ವರ್ಷದ ಹಿಂದೆ ಕೋರ ಎಂಬ ಊರಲ್ಲಿದ್ದ ತಮ್ಮದೇ ವಂಶದ ಹೆಣ್ಣುಮಗಳು. ಕುಣಿಗಲ್ಲಿನ ಕುದುರೆ ಸವಾರನಿಗೆ ಮನಸೋತವಳು, ಅಪ್ಪನ ಒಂದೇ ಮಾತಿಗೆ ಅವನನ್ನು ಮರೆತು, ತೋರಿಸಿದ ಗಂಡನ್ನು ಕಟ್ಟಿಕೊಂಡು ಹನ್ನೊಂದು ಮಕ್ಕಳನ್ನು ಹೆತ್ತಳು. ಸವಾರನಿಗೆ ಕೊನೆಯ ಪುಟದವರೆಗೂ ಶಿರಸ್ತ್ರಾಣ ತೆಗೆಯುವ ಅವಕಾಶ ಸಿಗಲಿಲ್ಲ. ಹೊಂಬಾಳಮ್ಮನ ತ್ಯಾಗಕ್ಕೆ ಅನಂತರಾಜು ತಾವೇ ಎರಡು ಸಲ ಕಣ್ಣೊರೆಸಿಕೊಂಡರು.

ಅಷ್ಟರಲ್ಲಿ ಸಂಬಂಧ ಕುದುರಿಸುವ ರಂಗಲಕ್ಷ್ಮಮ್ಮ ಗುಬ್ಬಿಯಿಂದ ಒಂದು ಜಾತಕ ತಂದಳು. ಹುಡುಗ ಸೋಮಶೇಖರ್, ತಾಲ್ಲೂಕು ಕಚೇರಿಯಲ್ಲಿ ಕಾಯಂ ನೌಕರಿ. ಕಾಯಂ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಅನಂತರಾಜು ಬೇರೇನೂ ಕೇಳಲಿಲ್ಲ. ಮಗಳ ಮುಂದೆ ಗುಡುಗಲು ಗಂಟಲು ಸರಿಮಾಡಿಕೊಂಡರು.

"ನೋಡಮ್ಮ, ಈ ಮನೇಲಿ ಗಂಡು ನೋಡೋನು ನಾನು."

"ಹೂಂ ಅಪ್ಪಾ. ನೀವು ಯಾರನ್ನ ತೋರಿಸ್ತೀರೋ ಅವರನ್ನೇ ಆಗ್ತೀನಿ," ಎಂದಳು ಮಾನಸಾ, ತಲೆ ತಗ್ಗಿಸಿ.

ಗುಡುಗು ಗಂಟಲಲ್ಲೇ ಉಳಿಯಿತು. ಆಹಾ, ಸಾಹಿತ್ಯದ ಪ್ರಭಾವವೆಂದರೆ ಇದು! ಹಸ್ತಪ್ರತಿಯನ್ನು ಬೇಕೆಂದೇ ಊಟದ ಮೇಜಿನ ಮೇಲೆ ಬಿಡುತ್ತಿದ್ದುದು ಸಾರ್ಥಕವಾಯಿತು.

ಮಗಳು ದಾರಿಗೆ ಬಂದಳು, ಇನ್ನು ಬೀಗರನ್ನು ಸಂತೋಷಪಡಿಸಬೇಡವೇ? ಗುಬ್ಬಿಯವರ ಮೂಲಪುರುಷ ಸಿದ್ದಯ್ಯ, ವರ್ಷಕ್ಕೊಮ್ಮೆ ಅವನಿಗೆ ಎಡೆ ಇಡುತ್ತಾರೆ ಎಂದು ರಂಗಲಕ್ಷ್ಮಮ್ಮ ಹೇಳಿದ್ದಳು. ಅನಂತರಾಜು ಆ ಸಿದ್ದಯ್ಯನನ್ನು ಎತ್ತಿ ಕಾದಂಬರಿಯೊಳಕ್ಕೆ ಹಾಕಿದರು: ಹೊಂಬಾಳಮ್ಮನ ಒಡಹುಟ್ಟಿದ ತಮ್ಮ, ಮನೆತನದ ಮಾನಕ್ಕಾಗಿ ಕತ್ತಿ ಹಿರಿದು ಆಮೇಲೆ ಗುಬ್ಬಿಗೆ ಹೋಗಿ ನೆಲೆಸಿದ ಮಹಾಶೂರ. ಮೊದಲ ಪುಟದಲ್ಲಿ ದಪ್ಪಕ್ಷರ: "ಇದು ಕಟ್ಟುಕಥೆಯಲ್ಲ. ಆಧಾರವಾದ ತಾಮ್ರಪಟ ಲೇಖಕರ ಮನೆಯಲ್ಲಿದೆ." ಮನೆಯಲ್ಲಿದ್ದ ತಾಮ್ರವೆಂದರೆ ನೀರು ಕಾಯಿಸುವ ಹಂಡೆಯೊಂದೇ.

ನಿಶ್ಚಿತಾರ್ಥದ ದಿನವೇ ಪುಸ್ತಕ ಬಿಡುಗಡೆ. ಛತ್ರದಲ್ಲಿ ಮುನ್ನೂರು ಜನ, ತಾಂಬೂಲದ ಚೀಲದಲ್ಲಿ ಒಂದೊಂದು ಪ್ರತಿ. ಲಗ್ನಪತ್ರಿಕೆ ಓದುವ ಮೊದಲು ಹುಡುಗನ ತಂದೆ ಲಕ್ಷ್ಮೀನರಸಿಂಹಯ್ಯ ಕನ್ನಡಕ ಏರಿಸಿ ಪುಸ್ತಕ ತಿರುವಿದರು. ನಲವತ್ತೇಳನೇ ಪುಟದಲ್ಲಿ ಕೈ ನಿಂತಿತು.

"ಅಲ್ಲಾ ರಾಯರೇ, ನಮ್ಮ ಸಿದ್ದಯ್ಯ ನಿಮ್ಮ ವಂಶದೋರಾ?"

"ಒಂದೇ ಬಳ್ಳಿ ಸಾರ್!" ಅನಂತರಾಜು ಎದೆಯುಬ್ಬಿಸಿದರು.

"ಅಯ್ಯೋ ಶಿವನೇ! ಮನೆದೇವರು ಬೇರೆ ಅಂತ ನಂಬ್ಕೊಂಡು ಬಂದ್ವಿ. ನಾವೂ ನೀವೂ ಅಣ್ಣತಮ್ಮಂದಿರಾದ್ವಲ್ರೀ. ಹುಡುಗ ಹುಡುಗಿ ವರಸೇಲಿ ಅಣ್ಣ ತಂಗಿ. ಮದುವೆ ಹೆಂಗ್ರೀ ಮಾಡೋದು?"

ಛತ್ರದಲ್ಲಿ ಗುಸುಗುಸು ಶುರುವಾಯಿತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದರು ಅನಂತರಾಜು. ಬೀಗರಾಗಬೇಕಾದವರು ಅವರ ಲೇಖನಿಯಿಂದಲೇ ದಾಯಾದಿಗಳಾಗಿದ್ದರು.

"ಒಂದು ಮಾತು ಹೇಳ್ಬುಡಿ," ಲಕ್ಷ್ಮೀನರಸಿಂಹಯ್ಯ ಗೋಗರೆದರು. "ಇದು ಕಟ್ಟಿದ ಕಥೆ ಅನ್ನಿ, ಈಗ್ಲೇ ತಟ್ಟೆ ಬದಲಾಯ್ಸೋಣ. ತಾಮ್ರಪಟ ಇದ್ಯೋ, ಇಲ್ವೋ?"

ಮುನ್ನೂರು ಜೋಡಿ ಕಣ್ಣು. ಕೊರಳಲ್ಲಿ ಲೇಖಕರ ಹಾರ. ಮಾನಸಾ ಸೆರಗು ಹಿಂಡುತ್ತ ಅಪ್ಪನನ್ನೇ ದಿಟ್ಟಿಸುತ್ತಿದ್ದಳು. "ಅಪ್ಪಾ, ನಿಜ ಹೇಳಿ," ಎಂದಳು ಮೆಲ್ಲಗೆ. ಮಗಳಿಗೆ ತನ್ನ ಮೇಲೆ ಎಷ್ಟು ಅಭಿಮಾನ ಎಂದುಕೊಂಡು ಅನಂತರಾಜು ಹಾರ ನೇರ ಮಾಡಿಕೊಂಡರು.

"ಇದೆ," ಎಂದರು.

ಗುಬ್ಬಿಯವರು ಊಟ ಮಾಡದೆ ಎದ್ದರು. ಸೋಮಶೇಖರನನ್ನು ಅವನ ಚಿಕ್ಕಪ್ಪಂದಿರು ರಟ್ಟೆ ಹಿಡಿದು ಕರೆದೊಯ್ದರು.

ಮನೆಗೆ ಬಂದ ಮೇಲೆ ಮಾನಸಾ ಬಿಕ್ಕಿ ಬಿಕ್ಕಿ ಅತ್ತಳು. ಅನಂತರಾಜು ಪಕ್ಕದಲ್ಲಿ ಕೂತು ತಲೆ ಸವರಿದರು.

"ಹೋಗ್ಲಿ ಬುಡಮ್ಮ, ಇವನಲ್ದಿದ್ರೆ ಇನ್ನೊಬ್ಬ. ಮನೆತನದ ಮರ್ಯಾದೆ ಉಳೀತಲ್ಲ, ಅಷ್ಟು ಸಾಕು. ಆದ್ರೆ ಆ ಕುಣಿಗಲ್ ಹುಡುಗನ್ನ ಮಾತ್ರ ಮರ್ತುಬಿಡು. ನಂಗೆಲ್ಲಾ ಗೊತ್ತು."

ಮಾನಸಾ ತಲೆಯೆತ್ತಿದಳು. "ಅವನೇ ಕಣಪ್ಪಾ ಸೋಮಶೇಖರ್, ಊರು ಗುಬ್ಬಿ, ಕೆಲಸ ಕುಣಿಗಲ್ ತಾಲ್ಲೂಕು ಕಚೇರೀಲಿ. ಪ್ರೀತಿ ಅಂದ್ರೆ ನೀವು ಒಪ್ಪಲ್ಲ ಅಂತ ರಂಗಲಕ್ಷ್ಮಮ್ಮನ ಕೈಲಿ ಜಾತಕ ಕಳ್ಸಿದ್ದೇ ನಾನು."