ಬಿಳಿ ಅಂಗಿ, ಹಸಿರು ಚೂರು

“ಬೇಗ ಚೆಲ್ಲಿ ಮಾರಾಯ್ರೆ, ಆಫೀಸರ್ ಬಂದಾಯ್ತು!” ಎಂದು ಮ್ಯಾನೇಜರ್ ಹೆರಾಲ್ಡ್ ಅವಸರಪಡಿಸಿದಾಗ, ಕಟಿಂಗ್ ಮಾಸ್ಟರ್ ಕಾಜಿಟನ್ ಹರ್ಲಿಂಗ್‌ಹ್ಯಾಮ್ ಬಡಾವಣೆಯ ಟೈಲರ್ ಅಂಗಡಿಯಿಂದ ತಂದ ಬಟ್ಟೆಚೂರುಗಳ ಮೂಟೆಯನ್ನು ನೆಲಕ್ಕೆ ಸುರಿದರು. ಸರ್ಕಾರದ ರಫ್ತು ಯೋಜನೆಯಡಿ ನೈರೋಬಿಯಲ್ಲಿ ತೆರೆದ ಈ ಕಾರ್ಖಾನೆಯಲ್ಲಿ ಅವರ ಕತ್ತರಿ ಒಂದು ದಿನವೂ ಬಟ್ಟೆ ಕಂಡಿರಲಿಲ್ಲ. ವಿದೇಶದ ದೊಡ್ಡ ಕಂಪನಿ ಬಿಳಿ ಅಂಗಿಗಳನ್ನು ಹೊಲಿದೇ ಕಳಿಸುತ್ತಿತ್ತು. ಇಲ್ಲಿನ ಹೆಂಗಸರು ‘ಕೀನ್ಯಾದಲ್ಲಿ ತಯಾರಾದದ್ದು’ ಎಂಬ ಲೇಬಲ್ಲನ್ನಷ್ಟೇ ಹೊಲಿಯುತ್ತಿದ್ದರು. ತಪಾಸಣೆಯ ದಿನ ಮಾತ್ರ ಬಟ್ಟೆಯನ್ನು ಇಲ್ಲೇ ಕತ್ತರಿಸಿದಂತೆ ಕಾಣಬೇಕಿತ್ತು.

ಸರ್ಕಾರಿ ಅಧಿಕಾರಿ ಬಗ್ಗಿ ಒಂದು ಚೂರನ್ನು ಎತ್ತಿಕೊಂಡರು. ಶಾಲೆಯ ಸಮವಸ್ತ್ರದ ಹಸಿರು ಚೌಕಳಿ ಬಟ್ಟೆ! ಬಣ್ಣ ನೋಡಿ ತರಬೇಕೆಂದು ಕಾಜಿಟನ್‌ರಿಗೆ ಹೊಳೆದೇ ಇರಲಿಲ್ಲ.

ಅಧಿಕಾರಿ ಬಿಳಿ ಅಂಗಿಗಳ ರಾಶಿಯನ್ನೊಮ್ಮೆ ನೋಡಿ, ಆ ಚೂರನ್ನು ಕಾಜಿಟನ್‌ರ ಅಂಗೈಯಲ್ಲಿಟ್ಟು ಬೆರಳು ಮಡಚಿದರು.

“ಸವಾ, ಮಾಸ್ಟರ್, ಆಯ್ತು ಬಿಡಿ,” ಎಂದರು ಮೆಲ್ಲಗೆ. “ನಾಳೆ ಮಂತ್ರಿಗಳು ಬರ್ತಾರೆ. ಬಿಳಿಯದ್ದನ್ನೇ ಚೆಲ್ಲಿ.”