ನೆಲಮಾಳಿಗೆಯ ಮುಖ್ಯಮಾರ್ಗ

ಮಗಳ ಮದುವೆಗೆ ಒಂದು ಗಂಟೆ ಐದು ನಿಮಿಷ ಉಳಿದಿರುವಾಗ ಎಕ್‌ಹಾರ್ಟನ ಸೊಂಟ ಹಿಡಿದುಕೊಂಡಿತು. ಅದೂ ಎಲ್ಲಿ? ನೆಲಮಾಳಿಗೆಯಲ್ಲಿ, ಗೋಡೆಯಿಂದ ಗೋಡೆಗೆ ಹಬ್ಬಿದ ತನ್ನ ಪುಟಾಣಿ ರೈಲು ಸಾಮ್ರಾಜ್ಯದ ನಟ್ಟನಡುವೆ, ಒಬ್ಬ ಮನುಷ್ಯ ನಿಲ್ಲುವಷ್ಟೇ ಬಿಟ್ಟುಕೊಂಡಿದ್ದ ಚೌಕದಲ್ಲಿ.

ಆ ಚೌಕದಿಂದ ಹೊರಬರಲು ಮೊದಲು ಎರಡು ದಾರಿಗಳಿದ್ದವು. ಒಂದು, ಬಾಗಿಲ ಬಳಿ ಎತ್ತಿಡಬಹುದಾದ ಸೇತುವೆ. ಅದರ ಕೀಲಿನ ಮೇಲೆ ಹಾಯುವಾಗ ಗಾಡಿಗಳು ಕೂದಲೆಳೆಯಷ್ಟು ಕುಲುಕುತ್ತಿದ್ದವು. ಆ ಕುಲುಕನ್ನು ಸಹಿಸಲಾರದೆ ಹೋದ ವಾರವಷ್ಟೇ ಅವನು ಸೇತುವೆಯನ್ನು ಶಾಶ್ವತವಾಗಿ ಅಂಟಿಸಿ, ಸಾಸಿವೆಗಿಂತ ಸಣ್ಣ ಜಲ್ಲಿ ಹರಡಿ, ತನ್ನ ಬೆನ್ನನ್ನು ತಾನೇ ತಟ್ಟಿಕೊಂಡಿದ್ದ. ಉಳಿದದ್ದು ಮೇಜಿನಡಿಯ ಅಂಬೆಗಾಲಿನ ದಾರಿ. ಸುರಂಗದಲ್ಲಿ ಸರಕುಗಾಡಿಯೊಂದು ನಿಂತಿತೆಂದು ಇಂದು ಮದುವೆಯ ಸೂಟಿನಲ್ಲೇ ತೆವಳಿ ಒಳಹೊಕ್ಕಿದ್ದ. ಗಾಡಿ ಹೊರಟಿತು, ಅವನು ಹೊರಡಲಿಲ್ಲ. ನಲವತ್ತು ಗಾಡಿಗಳನ್ನು ಏಕಕಾಲಕ್ಕೆ ಓಡಿಸಬಲ್ಲ ಮಹಾನುಭಾವನಿಗೆ ತನ್ನ ಬೆನ್ನನ್ನು ಒಂದು ಗೇಣು ಬಗ್ಗಿಸಲಾಗಲಿಲ್ಲ.

ಹೆಂಡತಿ ಗುದ್ರುನ್ ಹ್ಯಾಟು ತೊಟ್ಟು, ಕಾರಿನ ಕೀಲಿ ಹಿಡಿದು ಮೆಟ್ಟಿಲಿಳಿದು ಬಂದಳು.

"ಬಗ್ಗು."

"ಆಗಲ್ಲ."

"ಹಾಗಿದ್ರೆ ಗರಗಸ ತರ್ತೀನಿ."

"ಗರಗಸಾನಾ! ಹತ್ತೊಂಬತ್ತು ವರ್ಷದ ಕೆಲಸ ಕಣೇ ಇದು!"

"ವೀಬ್ಕೆಗೆ ಇಪ್ಪತ್ತೊಂಬತ್ತು. ಅವಳೇ ದೊಡ್ಡೋಳು. ಅವಳು ಶಾಲೆ ಮುಗಿಸಿದ ದಿನ ನೀನು ಬರ್ಲಿಲ್ಲ, ಯಾವುದೋ ಸಿಗ್ನಲ್ ಕೆಟ್ಟಿತ್ತು. ಇವತ್ತೂ ಬರದಿದ್ರೆ ಇನ್ನು ಯಾವುದಕ್ಕೂ ನಿನ್ನನ್ನ ಕರೆಯಲ್ಲ ಅವಳು, ತಿಳ್ಕೊ."

ಕೆಟ್ಟದ್ದು ಸಿಗ್ನಲ್ ಅಲ್ಲ, ಹಳಿ ಬದಲಿಸುವ ಮೋಟಾರು ಎಂದು ತಿದ್ದಲು ಬಾಯಿ ತೆರೆದ ಎಕ್‌ಹಾರ್ಟ್, ಹೆಂಡತಿಯ ಮುಖ ನೋಡಿ ಮುಚ್ಚಿಕೊಂಡ. ಆದರೆ ಎಲ್ಲಿ ಕೊಯ್ಯಬೇಕೆಂದು ಮಾತ್ರ ಹೇಳಲೊಲ್ಲ. ಕೊನೆಗೆ ಗುದ್ರುನ್ ಊರಿನ ಅಗ್ನಿಶಾಮಕ ದಳಕ್ಕೇ ಫೋನು ಮಾಡಿದಳು.

ದಳದ ಮುಖ್ಯಸ್ಥ ಫೋಲ್ಕ್‌ಮಾರ್ ಶಿರಸ್ತ್ರಾಣ ಧರಿಸಿ, ವಿದ್ಯುತ್ ಗರಗಸ ಹಿಡಿದು, ಇಬ್ಬರು ಸಂಗಡಿಗರೊಡನೆ ದಡದಡನೆ ಇಳಿದು ಬಂದವನು ಬಾಗಿಲಲ್ಲೇ ನಿಂತುಬಿಟ್ಟ. ಬೆಟ್ಟಗಳು, ಮೂರು ನಿಲ್ದಾಣಗಳು, ದೀಪ ಹೊತ್ತಿದ ಕಿಟಕಿಗಳು, ಮಹಡಿಯಲ್ಲಿ ಹಾಸಿಗೆ ಕೊಡವುತ್ತಿರುವ ಬೆರಳುಗುರಿನಷ್ಟೆತ್ತರದ ಹೆಂಗಸು.

"ಮನೆ ಕೆಳಗೆ ಇಂಥದ್ದು ಇಟ್ಕೊಂಡು ಒಂದು ಮಾತು ಹೇಳ್ಬಾರ್ದಾ ಮಾರಾಯಾ?" ಎಂದ. ಮೆಲ್ಲನೆ ಮಂಡಿಯೂರಿ ಕಣ್ಣನ್ನು ಹಳಿಯ ಮಟ್ಟಕ್ಕೆ ತಂದ. "ಆ ಬೆಟ್ಟದೊಳಗೆ ಹೊಕ್ಕ ಗಾಡಿ ಎಲ್ಲಿ ಹೊರಗೆ ಬರುತ್ತೆ?"

'ಮೊದಲು ಕೊಯ್ಯಿ' ಎನ್ನಬೇಕಾಗಿತ್ತು ಎಕ್‌ಹಾರ್ಟ್. "ನೋಡ್ತಿರು" ಎಂದು ಗುಂಡಿ ಒತ್ತಿದ.

ಗಾಡಿ ಸುರಂಗದಲ್ಲಿ ಮಾಯವಾಯಿತು. ಸಂಗಡಿಗರಿಬ್ಬರೂ ಬಿಯರಿನ ಪಂದ್ಯ ಕಟ್ಟಿದರು. ಯಾರೂ ಊಹಿಸದ ಕಡೆಯಿಂದ, ಚರ್ಚಿನ ಹಿಂಬದಿಯಿಂದ ಅದು ಹೊರಬಂದಾಗ ಫೋಲ್ಕ್‌ಮಾರ್ ತೊಡೆ ತಟ್ಟಿ ನಕ್ಕ. "ಇನ್ನೊಂದ್ಸಲ!" ಇನ್ನೊಂದು ಸಲವಾಯಿತು. ಆಮೇಲೆ ಮತ್ತೂ ಒಂದು. ಆ ಪುಟ್ಟ ದೇಶದಲ್ಲಿ ಯಾರಿಗೂ ವಯಸ್ಸಾಗುತ್ತಿರಲಿಲ್ಲ, ಯಾರ ಹೆಂಡತಿಯೂ ಸಿಟ್ಟಾಗುತ್ತಿರಲಿಲ್ಲ. ಎಕ್‌ಹಾರ್ಟನಿಗೆ ಸೊಂಟದ ನೋವೇ ಮರೆತುಹೋಯಿತು.

"ಒಬ್ಬನನ್ನ ಹೊರಗೆ ತೆಗೀರಿ ಅಂತ ಕರೆಸಿದೆ," ಮೆಟ್ಟಿಲ ಮೇಲಿನಿಂದ ಗುದ್ರುನಳ ದನಿ. "ಈಗ ನಾಲ್ಕು ಜನ ಸಿಕ್ಕಿಹಾಕ್ಕೊಂಡಿದೀರಿ. ಹತ್ತೂ ಮೂವತ್ತೈದು, ಹನ್ನೊಂದಕ್ಕೆ ಮದುವೆ. ಕಾರು ಸ್ಟಾರ್ಟ್ ಮಾಡ್ತೀನಿ. ಬಂದ್ರೆ ಬಾ."

ಫೋಲ್ಕ್‌ಮಾರ್ ಗರಗಸ ಎತ್ತಿದ. ಸೇತುವೆಯನ್ನು ನೋಡಿ ಇಳಿಸಿದ. "ಉರಿಯೋ ಕೊಟ್ಟಿಗೆಗೆ ನುಗ್ಗು ಅನ್ನು, ನುಗ್ತೀನಿ. ಇದು ನನ್ನ ಕೈಲಾಗಲ್ಲ."

"ಕೊಡು ಇಲ್ಲಿ," ಎಂದ ಎಕ್‌ಹಾರ್ಟ್.

ಸಾಮ್ರಾಜ್ಯದ ಮುಖ್ಯಮಾರ್ಗವನ್ನು ಚಕ್ರವರ್ತಿಯೇ ಎರಡು ಕಡೆ ಕೊಯ್ದ. ಅಂಟು ಅದ್ಭುತವಾಗಿ ಹಿಡಿದಿತ್ತು. ಆ ಸ್ಥಿತಿಯಲ್ಲೂ ಅವನಿಗೆ ಅದೊಂದು ಹೆಮ್ಮೆ. ಫೋಲ್ಕ್‌ಮಾರ್ ಶಿರಸ್ತ್ರಾಣ ತೆಗೆದು ಎದೆಗೊತ್ತಿ ನಿಂತಿದ್ದ. "ನೀನು ಹೊರಡು. ಧೂಳು ಗುಡಿಸಿ, ಬಾಗಿಲು ಎಳ್ಕೊಂಡು ಹೋಗ್ತೀವಿ."

ಹತ್ತು ಐವತ್ತೆಂಟಕ್ಕೆ ಅವನು ಪುರಭವನದ ವಿವಾಹ ಕೊಠಡಿಯಲ್ಲಿದ್ದ, ಹೆಗಲ ಮೇಲೆ ಮರದ ಹುಡಿ, ಮೈ ಕಂಬದಂತೆ ನೆಟ್ಟಗೆ. ವೀಬ್ಕೆ ತಿರುಗಿ ನೋಡಿದಳು. "ಬಂದೆಯಾ, ಅಪ್ಪಾ!" ಅಂದವಳ ಕಣ್ಣು ತುಂಬಿತು. ಅಳಿಯನಾಗುವವನು ಕರವಸ್ತ್ರ ಚಾಚಿದ. ಮೊದಲ ಸಾಲಿನ ಕುರ್ಚಿಯಲ್ಲಿ ಹಲ್ಲು ಕಚ್ಚಿ ಕೂತ ಎಕ್‌ಹಾರ್ಟನಿಗೆ ತನ್ನ ಬಗ್ಗೆ ತನಗೇ ಗೌರವ ಹುಟ್ಟಿತು.

ಮದುವೆ ನೋಂದಾಯಿಸುವ ಅಧಿಕಾರಿಣಿ ಕಡತ ತೆರೆದು ಓದತೊಡಗಿದಳು. ಜೇಬಿನಲ್ಲಿ ಫೋನು ನಡುಗಿತು. ಮನೆಯಲ್ಲಿ ಅಗ್ನಿಶಾಮಕ ದಳ ಇರುವಾಗ ಬಂದ ಸಂದೇಶವನ್ನು ನೋಡದೆ ಇರುವುದು ಬೇಜವಾಬ್ದಾರಿಯಾಗುತ್ತದೆ ಎಂದು ತನ್ನನ್ನು ತಾನೇ ಒಪ್ಪಿಸಿಕೊಂಡು, ಅದನ್ನು ತೊಡೆಯ ಮೇಲಿಟ್ಟು ತೆರೆದ. ಫೋಲ್ಕ್‌ಮಾರ್ ಚಿತ್ರ ಕಳಿಸಿದ್ದ. ಕೊಯ್ದ ಜಾಗಕ್ಕೆ ಹಲಗೆ ಹಾಸಿ, ಹಳಿ ಜೋಡಿಸಿ, ಮೇಲೊಂದು ಎಕ್ಸ್‌ಪ್ರೆಸ್ ಹಾಯಿಸಿದ್ದಾರೆ! 'ಸಂಚಾರ ಪುನರಾರಂಭ.' ಎಕ್‌ಹಾರ್ಟ್ ಎರಡು ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿದ. ಮೂರನೆಯ ಬೋಗಿ ಎಡಕ್ಕೆ ವಾಲಿದೆಯಲ್ಲ? ಹಲಗೆಯಡಿ ಒಂದು ರಟ್ಟಿನ ಚೂರು ಕೊಟ್ಟರೆ ಸಾಕು, ದಪ್ಪದ್ದು ಬೇಡ…

ಚಪ್ಪಾಳೆ ಕೇಳಿ ಬೆಚ್ಚಿ ತಲೆಯೆತ್ತಿದ. ಉಂಗುರ ಆಗಲೇ ಬೆರಳಿಗೇರಿತ್ತು. ಮಗಳು ಒಪ್ಪಿಗೆಯಿತ್ತ 'ಹೌದು' ಎಂಬ ಮಾತನ್ನು ಇಡೀ ಕೊಠಡಿಯೇ ಕೇಳಿತ್ತು, ಅವನೊಬ್ಬನನ್ನು ಬಿಟ್ಟು. ವೀಬ್ಕೆ ಎಲ್ಲರಿಗಿಂತ ಮೊದಲು ಅವನತ್ತಲೇ ತಿರುಗಿದಳು. ಗಾಬರಿಯಲ್ಲಿ ಅವನೂ ಜೋರಾಗಿ ಚಪ್ಪಾಳೆ ತಟ್ಟಿದ. ತೊಡೆಯಿಂದ ಜಾರಿದ ಫೋನು ನುಣುಪು ನೆಲದ ಮೇಲೆ ಸರ್ರನೆ ಸಾಗಿ, ಮದುಮಗಳ ಬಿಳಿಯ ಪಾದರಕ್ಷೆಯ ಮುಂದೆ ರೈಲಿನ ಚಿತ್ರದ ಬೆಳಕು ಬೀರುತ್ತಾ ನಿಂತಿತು. ಎತ್ತಿಕೊಳ್ಳಲು ಅವನಿಗೆ ಬಗ್ಗಲಾಗಲಿಲ್ಲ. ವೀಬ್ಕೆ ಬಗ್ಗಿದಳು.