ಅಣ್ಣನಿಗೆ ಬಡಿಸಿದ ಎಲೆ

ಬಿಸಿ ಅನ್ನ ಬಿದ್ದು ಬಾಡಿದ ಬಾಳೆಲೆಯ ವಾಸನೆ ಬಂದರೆ ಈಗಲೂ ನನ್ನ ಕೈ ಮೊದಲ ತುತ್ತಿಗೆ ಮುಂಚೆ ಒಂದು ಗಳಿಗೆ ತಡೆಯುತ್ತದೆ.

ಹಂಚಿನ ಕಾರ್ಖಾನೆಯ ಸಾಹೇಬರ ಟೆರಿಯರ್‌ಗೂ ಕುಲಶೇಖರದ ಬೀದಿನಾಯಿಗೂ ಹುಟ್ಟಿದ ಮರಿಗಳಲ್ಲಿ ಅಣ್ಣ ಬೊಳ್ಳುವನ್ನು ಆರಿಸಿ ತಂದಿದ್ದ. "ಬೇರೆಯವೆಲ್ಲ ಮೈಮೇಲೆ ಹಾರಿದವು. ಇದು ಕೂತು ನನ್ನ ಮುಖ ನೋಡಿತು" ಎಂದಿದ್ದ. ತಾನು "ತಿನ್ನು" ಎನ್ನುವವರೆಗೆ ಅನ್ನ ಮುಟ್ಟದಂತೆ ಅದನ್ನು ಪಳಗಿಸಿದ. ಜ್ವರದಲ್ಲಿ ಅಣ್ಣ ತೀರಿಕೊಂಡ ಮೇಲೆ ಯಾರು ಹೇಳಿದರೂ ಅದು ಅನ್ನ ತಿನ್ನಲಿಲ್ಲ. ಗಂಜಿತಿಳಿ ನೆಕ್ಕಿ ಅವನ ಮಂಚದ ಅಡಿಯಲ್ಲೇ ಮಲಗಿರುತ್ತಿತ್ತು.

ಉತ್ತರಕ್ರಿಯೆಯ ಮಧ್ಯಾಹ್ನ ಅದೇ ಕೋಣೆಯಲ್ಲಿ ಅಣ್ಣನಿಗೆಂದು ಮಣೆಯಿಟ್ಟು, ಎಲೆ ಹಾಕಿ, ಅನ್ನದ ಮೇಲೆ ತುಪ್ಪ ಬಡಿಸಿದರು. ಅವನು ಬಂದು ಉಣ್ಣಲೆಂದು, ಪದ್ಧತಿಯಂತೆ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಂತೆವು. ಮಂಚದ ಅಡಿಯ ಬೊಳ್ಳು ಯಾರಿಗೂ ನೆನಪಾಗಲಿಲ್ಲ.

ಬಾಗಿಲು ತೆಗೆದಾಗ ಎಲೆ ಬರಿದಾಗಿತ್ತು. ಬೊಳ್ಳು ಖಾಲಿ ಮಣೆಯ ಕಡೆ ಮುಖವೆತ್ತಿ, ಬಾಲ ಅಲ್ಲಾಡಿಸುತ್ತ ಕೂತಿತ್ತು.

"ಎಂತ ಮಾರಾಯ್ತಿ ಇದು! ಹೋದವನ ಊಟ ನಾಯಿ ತಿಂದಿತಲ್ಲ!" ದೊಡ್ಡಮ್ಮ ಕೋಲು ಎತ್ತಿದರು.

ಅಮ್ಮ ಆ ಕೈ ಹಿಡಿದಳು.

"ಹೊಡೆಯಬೇಡಿ ಅಕ್ಕ. ಅವನು ಹೇಳದೆ ಅದು ತಿನ್ನುವುದುಂಟಾ?"